ಏಳನೇ ನಂಬರ್ ಬಸ್ಸಿನಲ್ಲಿ ಕಡಜ

"ಅಲ್ಲಿ ಕೂತ್ಕೋಬೇಡ ಬರ್ನಿ! ಆ ಸೀಟು ಸರಿಯಿಲ್ಲ!"

ಆರ್ವಿಲ್ ಕೂಗುವಷ್ಟರಲ್ಲಿ ಬರ್ನಡೆಟ್ ನೊವಿಟ್ಸ್ಕಿ ಕೂತಾಗಿತ್ತು. ಕೂತದ್ದಲ್ಲ, ಬಿದ್ದದ್ದು. ಆ ಮಧ್ಯಾಹ್ನ ಅವಳ ಮೈಯಲ್ಲಿದ್ದ ದಣಿವನ್ನು ತೂಕಕ್ಕೆ ಹಾಕಿದ್ದರೆ ಸಕ್ಕರೆ ಕಾರ್ಖಾನೆಯ ತಕ್ಕಡಿ ಮುರಿದು, ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ಹೊತ್ತ ಲಾರಿಗಳು ಹುರಾನ್ ಸರೋವರದ ದಡದವರೆಗೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಶೆಡ್ಡಿನಲ್ಲಿ ನಿಂತಿದ್ದ ಏಳನೇ ನಂಬರಿನ ಹಳದಿ ಶಾಲಾ ಬಸ್ಸಿನ ಕಟ್ಟಕಡೆಯ ಸೀಟು ಒಮ್ಮೆ ನರಳಿತು.

ಆಮೇಲೆ ಇನ್ನೊಂದು ಸದ್ದು. ಗುಂಯ್.

ಮಿಷಿಗನ್ನಿನಲ್ಲಿ ಇದುವರೆಗೆ ಹುಟ್ಟಿದ ಕಡಜಗಳಿಗೆಲ್ಲ ಮುತ್ತಜ್ಜನಂತಿದ್ದ ಒಂದು ಕಡಜ, ಗುಬ್ಬಚ್ಚಿಗಿಂತ ಒಂದು ಗುಲಗಂಜಿ ಕಡಿಮೆ ತೂಗಬಹುದಾಗಿದ್ದದ್ದು, ಸೀಟಿನ ಅಡಿಯಿಂದ ಎದ್ದು ಬಂದು ಅವಳ ಎಡ ಮುಂಗೈಗೆ ಕುಟುಕಿತು. ಬೇರೆ ಯಾರಾದರೂ ಆಗಿದ್ದರೆ ಆ ಚೀರಾಟಕ್ಕೆ ಸರೋವರದ ಆಚೆ ಕೆನಡಾದಲ್ಲಿ ನಾಯಿಗಳು ಎಚ್ಚರಗೊಳ್ಳುತ್ತಿದ್ದವು. ಬರ್ನಿ ಕೈಯನ್ನು ಎತ್ತಿ ನೋಡಿಕೊಂಡಳು, ಅಷ್ಟೆ. ಚೀರಲಿಕ್ಕೂ ಸುಸ್ತು.

"ಹೇಳ್ಲಿಲ್ವಾ ನಾನು?" ಆರ್ವಿಲ್ ಬಾಗಿಲ ಬಳಿಯೇ ನಿಂತಿದ್ದ.

"ಸೀಟು ಸರಿಯಿಲ್ಲ ಅಂದೆ. ಕಡಜ ಇದೆ ಅನ್ಲಿಲ್ಲ."

"ಎರಡೂ ಒಂದೇ."

"ಒಂದೇ ಅಲ್ಲ ಆರ್ವಿಲ್," ಅಂದಳು ಬರ್ನಿ, ಕೈ ಉಜ್ಜಿಕೊಳ್ಳುತ್ತ. "ಎಲ್ಲಾ ಕಿಟಕಿ ಮುಚ್ಚಿರೋ ಬಸ್ಸಲ್ಲಿ ಕಡಜಕ್ಕೇನು ಕೆಲಸ?"

ಅವಳಿಗೆ ಬೇಕಿದ್ದದ್ದು ಕಡಜವಲ್ಲ, ಹತ್ತೊಂಬತ್ತು ಮಕ್ಕಳು. ಎಣಿಕೆಯ ದಿನ ಬಡವರ ಗಾಲಿಮನೆಗಳ ಟ್ಯಾಮರಾಕ್ ಟ್ರೇಲರ್ ವಠಾರದ ಒಂದು ಮಗುವೂ ಪೋರ್ಟ್ ಆಲ್ಡನ್ನಿನ ಮೇಪಲ್ ಬೀದಿ ಶಾಲೆಗೆ ಬಂದಿರಲಿಲ್ಲ, ಅಂದಿನಿಂದಲೂ ಬಂದಿಲ್ಲ. ಈ ಬೆಳಿಗ್ಗೆಯೂ ಅವಳೇ ತರಗತಿ ತರಗತಿಗೆ ಇಣುಕಿ ಹತ್ತೊಂಬತ್ತು ಖಾಲಿ ಕುರ್ಚಿಗಳನ್ನು ಕಣ್ಣಾರೆ ಕಂಡು ಬಂದಿದ್ದಳು.

ಎಣಿಕೆಯ ದಿನ ಅಂದರೆ ಹುಡುಗಾಟವಲ್ಲ. ಅಕ್ಟೋಬರಿನ ಆ ಒಂದು ಬುಧವಾರ ಬೆಂಚಿನ ಮೇಲೆ ಎಷ್ಟು ತಲೆ ಕಂಡವೋ ವರ್ಷವಿಡೀ ಸ್ಟೇಟ್ ಸರ್ಕಾರದಿಂದ ಬರುವ ದುಡ್ಡಿನ ಬಹುಪಾಲು ಅಷ್ಟರ ಮೇಲೆಯೇ ನಿಂತಿರುತ್ತದೆ. ಬಡವರ ಮನೆಯ ತಲೆಯಾದರೆ ಅದರ ಮೇಲೆ ಇನ್ನೊಂದಿಷ್ಟು. ಹಾಗಾಗಿ ಆ ದಿನ ಶಾಲೆ ಶಾಲೆಯೂ ಮದುವೆಮನೆ. ಬಿಸಿ ಡೋನಟ್ಟು, ಸೇಬಿನ ರಸ, ಚಿತ್ರವಿಚಿತ್ರ ಟೋಪಿಗಳ ಮೆರವಣಿಗೆ. ಕೆಮ್ಮುವ ಮಗುವನ್ನು ಹೊದಿಕೆ ಸಮೇತ ಹೊತ್ತು ತಂದು ಕೂರಿಸಿ, ಎಣಿಸಿ, ಹಾಗೆಯೇ ವಾಪಸು ಹೊತ್ತುಕೊಂಡು ಹೋದವರಿದ್ದಾರೆ. ಪಕ್ಕದ ಊರಿನ ಹೆಡ್‌ಮಾಸ್ಟರೊಬ್ಬರು ಬಸುರಿ ಟೀಚರನ್ನು ಎರಡು ಅಂತ ಎಣಿಸಲು ಹೋಗಿ ಡಸ್ಟರಿನಲ್ಲಿ ಹೊಡೆತ ತಿಂದರಂತೆ. ಸುಳ್ಳಲ್ಲ, ಗಾಯದ ಗುರುತು ಇನ್ನೂ ಇದೆ.

ಅಂದು ತಪ್ಪಿಸಿಕೊಂಡ ಮಗು ಹತ್ತು ಶಾಲಾ ದಿನಗಳೊಳಗೆ ಒಮ್ಮೆ ಬಂದು ಕೂತರೂ ಲೆಕ್ಕಕ್ಕೆ ಸೇರುತ್ತದೆ. ಆ ಗಡುವು ನಾಳೆ ಸಂಜೆ ಮುಗಿಯುತ್ತಿತ್ತು. ನಾಳೆಯೂ ಮಕ್ಕಳು ಬರದಿದ್ದರೆ ವಠಾರದ ತಾಯಂದಿರನ್ನು ಕೋರ್ಟಿಗೆ ಎಳೆಯುವ ಕಾಗದಕ್ಕೆ ಬರ್ನಿ ಸಹಿ ಹಾಕಬೇಕು. ಜಿಲ್ಲೆಯ ಶಾಲೆಗಳಿಗೆಲ್ಲ ಮೇಲಧಿಕಾರಿಯಾದ ಡಾಕ್ಟರ್ ಸ್ಟ್ರಿಕ್ಲರ್ ಅವಳಿಗಾಗಿ ಪೆನ್ನಿನ ಮುಚ್ಚಳ ತೆಗೆದೇ ಇಟ್ಟುಕೊಂಡಿದ್ದರು.

ಪೊಲೀಸ್ ಇಲಾಖೆಯಲ್ಲಿ ಕೊಲೆಗಾರರನ್ನು ಹಿಡಿದು ಹಿಡಿದು ಸಾಕಾಗಿ, ನಿವೃತ್ತಿಯಾದ ಮೇಲೆ ನೆಮ್ಮದಿಯ ಕೆಲಸ ಅಂತ ಈ ಹಾಜರಾತಿ ಅಧಿಕಾರಿಯ ಕುರ್ಚಿಗೆ ಬಂದವಳು ಬರ್ನಿ. ಕೊಲೆಗಾರರೇ ವಾಸಿ ಅಂತ ಈಗ ಅನ್ನಿಸುತ್ತಿತ್ತು. ಅವರನ್ನು ಹಿಡಿದ ದಿನ ನಿದ್ದೆಯಾದರೂ ಬರುತ್ತಿತ್ತು.

"ಇನ್ನೊಂದ್ಸಲ ಹೇಳು," ಅಂದಳು. "ಎಣಿಕೆ ದಿನ ಏನಾಯ್ತು?"

ಆರ್ವಿಲ್ ನಿಟ್ಟುಸಿರು ಬಿಟ್ಟ. ಬರ್ನಿಯ ತೀರಿಹೋದ ಗಂಡ ಸ್ಟಾನನ ಒಡಹುಟ್ಟಿದ ತಮ್ಮ ಅವನು. ಪೋರ್ಟ್ ಆಲ್ಡನ್ನಿನ ಅರ್ಧ ಊರನ್ನು ಚಿಕ್ಕಂದಿನಲ್ಲಿ ಶಾಲೆಗೆ ಹೊತ್ತು ಹಾಕಿದ ಡ್ರೈವರ್.

"ಎಷ್ಟು ಸಲ ಮಾರಾಯ್ತಿ? ವಠಾರದ ಕಡೆ ಹೊರಟೆ. ಹಳಿ ಬಂತು. ನಿಲ್ಸಿದೆ. ಬಾಗಿಲು ತೆಗೆದೆ. ಕಿವಿಗೊಟ್ಟು ಕೇಳಿದೆ. ರೈಲಿಲ್ಲ. ಬಾಗಿಲು ಹಾಕಿದೆ. ಎಂಜಿನ್ ಸತ್ತೋಯ್ತು. ಅದು ಬದುಕೋ ಹೊತ್ತಿಗೆ ಶಾಲೆ ಮುಗಿದಿತ್ತು. ಅಷ್ಟೇ ಕತೆ."

ಹಳಿಯ ಮಾತು ಮಾತ್ರ ನಿಜವಿರಬೇಕು ಎಂದುಕೊಂಡಳು ಬರ್ನಿ. ಹಳಿ ಕಂಡಲ್ಲಿ ಶಾಲಾ ಬಸ್ಸು ನಿಲ್ಲಬೇಕು, ಬಾಗಿಲು ತೆಗೆಯಬೇಕು, ಡ್ರೈವರು ಕಿವಿಗೊಟ್ಟು ಆಲಿಸಿಯೇ ಮುಂದೆ ಹೋಗಬೇಕು. ಆರ್ವಿಲ್‌ಗೆ ಅದು ರಕ್ತದಲ್ಲಿ ಇಳಿದುಬಿಟ್ಟಿತ್ತು. ಸ್ವಂತ ಕಾರಿನಲ್ಲೂ ನಿಲ್ಲಿಸಿ ಬಾಗಿಲು ತೆಗೆಯುತ್ತಿದ್ದ. ಸ್ಟಾನನ ಶವಯಾತ್ರೆಯ ದಿನ ಹೆಣದ ಗಾಡಿಯ ಹಿಂದೆಯೇ ಇದ್ದವನು ಹಳಿಯ ಬಳಿ ನಿಲ್ಲಿಸಿ ಬಾಗಿಲು ತೆಗೆದು ಕೂತ. ಗಾಡಿ ಮುಂದೆ ಹೋಯಿತು, ಇಡೀ ಮೆರವಣಿಗೆ ಇವನ ಹಿಂದೆ ನಿಂತಿತು, ಸ್ಟಾನ್ ಒಬ್ಬನೇ ಸ್ಮಶಾನ ಸೇರಿದ.

"ಬಸ್ಸು ವಠಾರ ಮುಟ್ಟಲೇ ಇಲ್ಲ?"

"ಇಲ್ಲ."

"ಹಿಂದಿನ ದಿನ ತೊಳೆದಿದ್ಯಾ?"

"ಏನ್ ಮಾತು ಅಂತ ಆಡ್ತೀಯ! ಎಣಿಕೆ ಹಿಂದಿನ ದಿನ ತೊಳೀದೇ ಇರ್ತೀನಾ? ನನ್ನ ಬಸ್ಸಿನ ನೆಲದ ಮೇಲೆ ಬಿಷಪ್ಪು ತಟ್ಟೆಯಿಲ್ಲದೆ ಊಟ ಮಾಡ್ಬಹುದು."

ಬರ್ನಿ ಟಾರ್ಚು ತೆಗೆದಳು. ಮಂಡಿಯೂರಿದಳು. ಎರಡೂ ಮಂಡಿಗಳು ಲಟಕ್ಕೆಂದ ಸದ್ದಿಗೆ ಶೆಡ್ಡಿನ ಮಾಡಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು.

"ಬಿಷಪ್ಪಿಗೆ ಈ ಮೂಲೇಲಿ ಎಲೆ ಹಾಕ್ಬೇಡ," ಅಂದಳು ಸೀಟಿನಡಿಯಿಂದ.

ನೆಲದ ಆ ಮೂಲೆಗೆ ಮಾಪು ತಲುಪಿರಲಿಲ್ಲ. ಕಂದು ಬಣ್ಣದ್ದೇನೋ ಚೆಲ್ಲಿ, ಹರಡಿ, ಅಂಟಂಟಾಗಿ ಒಣಗಿತ್ತು. ಸತ್ತ ಕಡಜಗಳು, ಸಾಯುತ್ತಿದ್ದ ಕಡಜಗಳು, ಇನ್ನೂ ನೆಕ್ಕುತ್ತಿದ್ದ ಕಡಜಗಳು. ಬರ್ನಿ ಬಗ್ಗಿ ಮೂಸಿದಳು. ಹುಳಿಬಂದ ಸೇಬಿನ ರಸ. ಅದರ ಮೇಲೆ ಸಕ್ಕರೆಯ ಹರಳುಗಳು, ಡೋನಟ್ಟಿನ ಚೂರು. ಆ ಅಂಟಿನಲ್ಲಿ, ಸಿಮೆಂಟಿನಲ್ಲಿ ಒತ್ತಿದ ಹಾಗೆ, ಪುಟ್ಟ ಪುಟ್ಟ ಬೂಟುಗಳ ಗುರುತು. ಒಂದು ಬೂಟಿನ ಅಡಿಯಲ್ಲಿ ನಕ್ಷತ್ರವಿತ್ತು.

"ಎಣಿಕೆ ಹಿಂದಿನ ದಿನ ನೀನು ತೊಳೆದೆ," ಅಂದಳು ಎದ್ದು ಕೂತು. "ಆ ಬುಧವಾರದಿಂದ ನಿನ್ನ ಬಸ್ಸಿಗೆ ಒಂದು ನರಪಿಳ್ಳೆ ಹತ್ತಿಲ್ಲ ಅಂತೀಯ. ಹಾಗಾದ್ರೆ ಇಲ್ಲಿ ಡೋನಟ್ ತಿಂದು ಕುಣಿದೋರು ಯಾರು? ಬಿಷಪ್ಪಾ?"

"ಶಾಲೇಲಿ ಪಾರ್ಟಿ ಇತ್ತಲ್ಲ..."

"ಶಾಲೇಲಿತ್ತು. ಬಸ್ಸಲ್ಲಿರಲಿಲ್ಲ. ಕಿವಿ ನೋಡ್ಕೋ."

ಆರ್ವಿಲ್‌ನ ಕೈ ತಾನಾಗಿ ಕಿವಿಗೆ ಹೋಯಿತು. ಎರಡೂ ಕಿವಿಗಳು ಆ ಹೊತ್ತಿಗೆ ಎಷ್ಟು ಕೆಂಪಾಗಿದ್ದವೆಂದರೆ ಬಸ್ಸಿನ ಬೆನ್ನಿಗೆ ದೀಪದ ಬದಲು ಅವನ್ನೇ ಕಟ್ಟಬಹುದಿತ್ತು.

"ಸ್ಟಾನನದೂ ಹಾಗೇ ಆಗ್ತಿತ್ತು," ಅಂದಳು ಬರ್ನಿ. "ಅದಕ್ಕೇ ನಿಮ್ಮನೇಲಿ ಇಸ್ಪೀಟಲ್ಲಿ ಗೆದ್ದೋರಿಲ್ಲ. ನಾನು ಕೂಗಾಡೋಲ್ಲ ಆರ್ವಿಲ್. ಶಕ್ತಿಯಿಲ್ಲ. ಹೇಳು."

ಆರ್ವಿಲ್ ನಿಧಾನವಾಗಿ ಬಂದು ಎದುರು ಸಾಲಿನ ಸೀಟಿನಲ್ಲಿ ಕೂತ. ಮೂರನೇ ತರಗತಿಯ ಮಕ್ಕಳ ಸೀಟು. ಅವನ ಮಂಡಿ ಗದ್ದಕ್ಕೆ ಬಂದಿತ್ತು.

"ಹಣ್ಣಿನ ತೋಟಕ್ಕೆ ಕರ್ಕೊಂಡು ಹೋಗಿದ್ದೆ," ಅಂದ. "ಹತ್ತೊಂಬತ್ತೂ ಮಕ್ಕಳನ್ನ. ಸೇಬು ಕಿತ್ರು, ಹುಲ್ಲಿನ ಬಣವೆ ಹತ್ತಿದ್ರು, ಅಲ್ಲಿನ ಡೋನಟ್ಟು, ಸೇಬಿನ ರಸ ಬಸ್ಸಿಗೂ ತಂದ್ರು. ಸಂಜೆ ಮನೆಗೆ ಬಿಟ್ಟೆ."

"ಯಾರು ಹೇಳಿದ್ದು?"

"ಅವರವರ ಅಮ್ಮಂದಿರೇ."

ಮಕ್ಕಳನ್ನು ಸೆಳೆದಿರಬಹುದಾದ ಖಾಸಗಿ ಶಾಲೆ, ವಠಾರದ ಮಾಲೀಕ, ಡೀಸೆಲ್ ಕಳ್ಳರು ಅಂತ ಬರ್ನಿ ಎರಡು ವಾರದಿಂದ ಪೋಣಿಸುತ್ತ ಬಂದಿದ್ದ ಅನುಮಾನಗಳ ಸರ ಒಂದೇ ಸಲಕ್ಕೆ ಹರಿದು, ಮಣಿಗಳು ಬಸ್ಸಿನ ನೆಲದ ತುಂಬ ಉರುಳಿದವು. ಕಡಜ ಕುಟುಕಿದ ಕೈ ಈಗ ಉರಿಯತೊಡಗಿತು.

"ಯಾಕೆ?"

"ಮಿಸ್ ಡಿಲೇನಿ."

ಮಿಸ್ ಡಿಲೇನಿ ಯಾರೆಂದು ಬರ್ನಿಗೆ ಗೊತ್ತಿತ್ತು. ಓದು ಹತ್ತದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವ ಟೀಚರು. ಕಲ್ಲಿಗೂ ಅಕ್ಷರ ಕಲಿಸಿ, ಆ ಕಲ್ಲಿನ ಕೈಯಲ್ಲಿ ಅಮ್ಮನಿಗೆ ಕಾಗದ ಬರೆಸುವವಳು.

"ಅವಳು ಬಂದಿದ್ದೇ ಈ ಮಕ್ಕಳ ಹೆಸರಿನ ದುಡ್ಡಿಂದ ಬರ್ನಿ. ಬಡವರ ಮಕ್ಕಳು ಜಾಸ್ತಿ ಇದಾರೆ, ಜಾಸ್ತಿ ತಗೊಳ್ಳಿ ಅಂತ ಸ್ಟೇಟ್ ಕೊಟ್ಟಿದ್ದು. ವಠಾರದ ಓಪಲ್ ಮೊಮ್ಮಗಳು ಟೆಸ್ಸಾ ಇದಾಳಲ್ಲ, ಎರಡು ವರ್ಷ ಬಾಯೇ ಬಿಟ್ಟಿರಲಿಲ್ಲ. ಡಿಲೇನಿ ಕೈಗೆ ಸಿಕ್ಕಿದ್ಮೇಲೆ ನನ್ನ ಬಸ್ಸಲ್ಲಿ ರಸ್ತೆ ಬೋರ್ಡನ್ನೆಲ್ಲ ಜೋರಾಗಿ ಓದೋಕೆ ಶುರು ಮಾಡಿದ್ಳು. ಬೀಟ್ ಲಾರಿ ಮೇಲೆ ಡ್ರೈವರ್‌ಗಳು ಬರೆಸ್ಕೊಂಡಿರೋದನ್ನೂ ಬಿಡ್ತಿರಲಿಲ್ಲ. ಅದನ್ನೆಲ್ಲ ಓದ್ಬಾರದು ಕಣಮ್ಮ ಅಂತ ನಾನೇ ಕಣ್ಮುಚ್ಚಿಸ್ಬೇಕಾಗ್ತಿತ್ತು."

"ಆಮೇಲೆ?"

"ಸೆಪ್ಟೆಂಬರಲ್ಲಿ ಸ್ಟ್ರಿಕ್ಲರ್ ಅವಳನ್ನ ನಮ್ಮ ಜಿಲ್ಲೆಯದೇ ಲೇಕ್‌ಶೋರ್ ಶಾಲೆಗೆ ಹಾಕಿದ್ರು."

"ದೋಣಿ ಇಟ್ಕೊಂಡಿರೋರ ಮಕ್ಕಳ ಶಾಲೆಗೆ? ಅವಕ್ಕೆ ಓದೋಕೆ ಬರಲ್ವಾ?"

"ಬರತ್ತೆ. ಇನ್ನೂ ಚೆನ್ನಾಗಿ ಬರಲಿ ಅಂತ."

ಬರ್ನಿಗೆ ನಗು ಬಂತು. ಅದು ಅರ್ಧ ದಾರಿಯಲ್ಲೇ ಸುಸ್ತಾಗಿ ಕೂತುಬಿಟ್ಟಿತು.

"ಓಪಲ್ ಕೇಳೋಕೆ ಹೋದ್ಳು," ಅಂದ ಆರ್ವಿಲ್. "ದುಡ್ಡು ಜಿಲ್ಲೆಗೆ ಬರೋದು, ಎಲ್ಲಿ ಜಾಸ್ತಿ ಅಗತ್ಯ ಅಂತ ಜಿಲ್ಲೆ ನೋಡ್ಕೊಳತ್ತೆ ಅಂದ್ರಂತೆ ಸ್ಟ್ರಿಕ್ಲರ್. ಕಾಫಿನೂ ಕೊಟ್ರಂತೆ. ಅವಳು ಮನೆಗೆ ಬಂದು ಹೆಂಗಸರನ್ನೆಲ್ಲ ಸೇರಿಸಿದ್ಳು. ನಮ್ಮ ಮಕ್ಕಳ ತಲೆ ತೋರಿಸಿ ದುಡ್ಡು ತಗೋತಾರೆ, ನಮ್ಮ ಮಕ್ಕಳಿಗೇ ಟೀಚರ್ ಇಲ್ಲ. ಹಾಗಾದ್ರೆ ಈ ಸಲ ತಲೆ ಕೊಡೋದೇ ಬೇಡ. ಸ್ಟ್ರಿಕ್ಲರ್ ಇಲ್ಲಿಗೇ ಬಂದು ಮಾತಾಡ್ಲಿ, ಡಿಲೇನಿಯನ್ನ ವಾಪಸ್ ತರ್ಲಿ. ಗಡುವು ಮುಗಿಯೋದ್ರೊಳಗೆ ಕಳಿಸಿಕೊಡೋಣ. ಅಲ್ಲೀವರೆಗೆ ಯಾರು ಕೇಳಿದ್ರೂ ಮಕ್ಕಳಿಗೆ ಜ್ವರ."

"ನಾನು ಹೋದಾಗೆಲ್ಲ ಅಂಗಳದ ಟ್ರ್ಯಾಂಪೊಲಿನ್ ಮೇಲೆ ಕುಣಿಯೋ ಜ್ವರ."

"ಅದೇ."

"ನಂಗ್ಯಾಕೆ ಹೇಳ್ಲಿಲ್ಲ?"

ಆರ್ವಿಲ್ ಅವಳ ಮುಖ ನೋಡಲಿಲ್ಲ. "ನೀನು ಆಫೀಸಿನೋಳು ಬರ್ನಿ."

ಕಡಜಕ್ಕಿಂತ ಇದು ಆಳಕ್ಕೆ ಹೋಯಿತು. ನಿನ್ನೆ ಸಂಜೆ ಅವಳು ಓಪಲ್ ಜೆಸಪ್‌ಳ ಬಾಗಿಲಲ್ಲಿ ನಿಂತು, ಆಫೀಸಿನವರ ದನಿಯಲ್ಲೇ, ಕೋರ್ಟಿನ ಮಾತು ಹೇಳಿ ಬಂದಿದ್ದಳು. ನಾನು ಸಹಿ ಹಾಕಲೇಬೇಕಾಗತ್ತೆ, ಮಕ್ಕಳನ್ನ ಬಸ್ಸು ಹತ್ತಿಸಿಬಿಡಿ, ಎಂದಿದ್ದಳು. ಓಪಲ್ ಬಾಗಿಲು ಹಾಕಿಕೊಂಡಿದ್ದಳು.

"ಏಳು," ಅಂದಳು ಬರ್ನಿ.

"ಎಲ್ಲಿಗೆ?"

"ವಠಾರಕ್ಕೆ. ಓಪಲ್ ಹತ್ರ ಮಾತಾಡ್ತೀನಿ. ನಾಳೆ ಒಂದು ದಿನ ಮಕ್ಕಳನ್ನ ಕಳಿಸ್ಲಿ. ಸ್ಟ್ರಿಕ್ಲರನ್ನ ನಾನೇ ಕಿವಿ ಹಿಡಿದು ಅವಳ ಅಂಗಳಕ್ಕೆ ತರ್ತೀನಿ. ನೀನೂ ಬಾ. ನನ್ನೊಬ್ಬಳ ಮಾತು ಅವಳು ನಂಬಲ್ಲ."

ಬರ್ನಿಯ ಕಾರು ಊರು ದಾಟಿತು. ಬೀಟ್ ಲಾರಿಗಳು ಉದುರಿಸಿಹೋದ ಕೆಸರಿನಲ್ಲಿ ರಸ್ತೆಯಾವುದು ಹೊಲವಾವುದು ಎಂದು ದೇವರಿಗೂ ಗೊತ್ತಾಗುವಂತಿರಲಿಲ್ಲ. ಸಕ್ಕರೆ ಕಾರ್ಖಾನೆಯ ಹೊಗೆಯ ವಾಸನೆ, ಬೇಯಿಸಿ ಮರೆತ ಗೆಡ್ಡೆಯದು, ಕಿಟಕಿ ಮುಚ್ಚಿದರೂ ಒಳಗೆ ಬಂದು ಹಿಂದಿನ ಸೀಟಿನಲ್ಲಿ ಆರಾಮಾಗಿ ಕೂತಿತು.

"ನಿಲ್ಸು," ಅಂದ ಆರ್ವಿಲ್.

ಹಳಿ. ಬರ್ನಿ ನಿಲ್ಲಿಸಿದಳು. ಅವನು ಬಾಗಿಲು ತೆಗೆದು, ಕತ್ತು ಹೊರಹಾಕಿ, ಎರಡೂ ಕಡೆ ಆಲಿಸಿ, ಬಾಗಿಲು ಹಾಕಿದ.

"ಈಗ ಹೋಗು."

ಹಳಿಯ ಆಚೆಗೇ ವಠಾರ. ರಸ್ತೆಬದಿಯ ಬಸ್ ನಿಲ್ಲುವ ಜಾಗದಲ್ಲಿ ಏಳೆಂಟು ಹೆಂಗಸರು ನಿಂತಿದ್ದರು. ಒಬ್ಬಳ ಕೈಯಲ್ಲಿ ಮಗುವಿನ ಸ್ವೆಟರು, ಇನ್ನೊಬ್ಬಳ ಕಂಕುಳಲ್ಲಿ ಕೂಸು. ಅವರ ನಡುವೆ ಮಡಚುವ ಕುರ್ಚಿಯಲ್ಲಿ, ಮೊಣಕಾಲಿಗೆ ಕಂಬಳಿ ಸುತ್ತಿಕೊಂಡು, ಟ್ಯಾಮರಾಕ್ ವಠಾರದ ಮಹಾರಾಣಿಯ ಹಾಗೆ ಕೂತಿದ್ದಳು ಓಪಲ್ ಜೆಸಪ್. ಅವಳ ಬಾಯಿಗೆ ಹೆದರಿ ಟಪಾಲಿನವನು ಬಿಲ್ಲುಗಳನ್ನು ಪಕ್ಕದ ಮನೆಗೆ ಹಾಕಿ ಹೋಗುತ್ತಿದ್ದ.

ಅಂಗಳದ ಟ್ರ್ಯಾಂಪೊಲಿನ್ ಮೇಲೆ ಇವತ್ತು ಯಾರೂ ಕುಣಿಯುತ್ತಿರಲಿಲ್ಲ.

ಆರ್ವಿಲ್ ಕಾರಿನಿಂದ ಇಳಿದದ್ದನ್ನು ಕಂಡು ಓಪಲ್ ಹುಬ್ಬು ಗಂಟಿಕ್ಕಿದಳು.

"ಏನೋ ಆರ್ವಿಲ್! ನೀನು ಆಫೀಸರಮ್ಮನ ಕಾರಲ್ಲಿ ಸವಾರಿ ಬಂದ್ರೆ ಬಸ್ಸು ಯಾರು ತರ್ತಾರೆ? ನಿನ್ನ ಅಜ್ಜೀನಾ?"

"ಯಾವ ಬಸ್ಸು?"

"ಯಾವ ಬಸ್ಸಂತೆ! ಮಕ್ಕಳ್ನ ವಾಪಸ್ ತರೋ ಬಸ್ಸು ಕಣೋ. ಇವತ್ತು ತಡ ಆಗಿದೆ, ಟೆಸ್ಸಾಗೆ ಹಸಿವಾಗಿರತ್ತೆ."

ಬರ್ನಿ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಳು.

"ಓಪಲ್, ಮಕ್ಕಳು ಎಲ್ಲಿ?"

"ಎಲ್ಲಿ ಅಂದ್ರೆ? ಶಾಲೇಲಿ." ಓಪಲ್ ದನಿಯಲ್ಲಿ ಸೋತವರ ಸಿಟ್ಟಿತ್ತು. "ಗೆದ್ರಲ್ಲಮ್ಮ ನೀವು. ನಿನ್ನೆ ನೀವು ಹೋದ್ಮೇಲೆ ಇವಳು ಅತ್ಲು, ಅವಳು ಅತ್ಲು. ಕೋರ್ಟು ಅಂದ್ರೆ ಕೆಲಸಕ್ಕೆ ರಜಾ, ರಜಾ ಅಂದ್ರೆ ಕೆಲಸ ಹೋಯ್ತು. ಬೇಡ ಬಿಡಿ, ಕಳಿಸೇಬಿಡೋಣ ಅಂದೆ. ಬೆಳಿಗ್ಗೆ ಬಸ್ಸು ಬಂತು. ಹತ್ತೊಂಬತ್ತನ್ನೂ ಹತ್ಸಿದ್ವಿ. ಟೆಸ್ಸಾಗೆ ನಕ್ಷತ್ರದ ಬೂಟು ಹಾಕಿ ಕಳಿಸ್ದೆ."

"ಬಸ್ಸು ಬರಲಿಲ್ಲ ಓಪಲ್," ಅಂದ ಆರ್ವಿಲ್. ಅವನ ಕಿವಿಗಳು ಈಗ ಕೆಂಪಾಗಿರಲಿಲ್ಲ, ಸುಣ್ಣದ ಹಾಗಿದ್ದವು. "ನಿಮ್ಮ ಮಕ್ಕಳು ಬರ್ತಿಲ್ಲ, ಡೀಸೆಲ್ ದಂಡ ಅಂತ ಇವತ್ತಿಂದ ಈ ರೂಟೇ ನಿಲ್ಸಿದಾರೆ. ಏಳನೇ ನಂಬರು ಶೆಡ್ಡಲ್ಲಿದೆ. ಈಗ ತಾನೇ ಅದ್ರೊಳಗೆ ಕೂತಿದ್ವಿ."

"ಹುಚ್ಚ! ಹಳದಿ ಬಸ್ಸು, ಮುಂದಿನ ಗಾಜಿಗೆ ಏಳು ಅಂತ ಬರೆದು ಅಂಟ್ಸಿದ್ರು. ಕಣ್ಣು ಮಂಜಾದ್ರೂ ಅಷ್ಟು ಕಾಣತ್ತೆ ನಂಗೆ."

"ಡ್ರೈವರ್ ಯಾರು?" ಬರ್ನಿ ಕೇಳಿದಳು.

"ಯಾವನೋ ಹೊಸಬ. ಟೋಪಿ ಕೆಳಗೆಳ್ಕೊಂಡಿದ್ದ. ಆರ್ವಿಲ್‌ಗೆ ಬೆನ್ನು ನೋವಿರಬೇಕು ಅಂದ್ಕೊಂಡೆ." ಓಪಲ್ ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. "ಹೊಸಬ ಅಂತ ಯಾಕೆ ಗೊತ್ತಾಯ್ತು ಅಂದ್ರೆ... ಅವನು ಹಳಿ ಹತ್ರ ನಿಲ್ಸಲೇ ಇಲ್ಲ. ಬಾಗಿಲೂ ತೆಗೀಲಿಲ್ಲ. ಸೀದಾ ಹೊಡ್ಕೊಂಡು ಹೋದ."

ಸ್ವೆಟರು ಹಿಡಿದವಳು ಅದನ್ನು ಎದೆಗೆ ಒತ್ತಿಕೊಂಡಳು.

"ಹೊಸಬನೂ ನಿಲ್ಲಿಸ್ತಾನೆ ಬರ್ನಿ," ಆರ್ವಿಲ್ ಪಿಸುಗುಟ್ಟಿದ. "ಕೀಲಿ ಕೈ ಕೊಡೋಕೆ ಮೊದಲು ಕಲಿಸೋದೇ ಅದನ್ನ. ನಿಲ್ಲಿಸ್ದೇ ಹೋದೋನು ಶಾಲೆ ಬಸ್ಸಿನ ಡ್ರೈವರೇ ಅಲ್ಲ."

ಮಕ್ಕಳು ಬರಲಿಲ್ಲವೆಂದು ಶಾಲೆಯಿಂದ ಯಾರೂ ಫೋನು ಮಾಡಿರಲಿಲ್ಲ. ಯಾಕೆ ಮಾಡುತ್ತಾರೆ? ಎರಡು ವಾರದಿಂದ ಖಾಲಿಯಿದ್ದ ಕುರ್ಚಿಗಳು ಇವತ್ತೂ ಖಾಲಿಯಿದ್ದವು. ಬರ್ನಿ ತಾನೇ ಅವನ್ನು ಎಣಿಸಿ, ನಿಟ್ಟುಸಿರು ಬಿಟ್ಟು, ಕಾಫಿ ಕುಡಿಯಲು ಹೋಗಿದ್ದಳು. ಹತ್ತೊಂಬತ್ತು ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಜಗತ್ತಿನಿಂದ ಮಾಯವಾಗಿದ್ದರೂ ಜಗತ್ತಿಗೆ ಗೊತ್ತಾಗಿರಲಿಲ್ಲ.

ಓಪಲ್ ಕುರ್ಚಿಯಿಂದ ಎದ್ದಳು. ಎದ್ದು ನಿಂತಾಗ ಅವಳು ಮಹಾರಾಣಿಯಾಗಿರಲಿಲ್ಲ, ಮೊಮ್ಮಗಳಿಗೆ ಕಾದ ಮುದುಕಿಯಾಗಿದ್ದಳು.

"ಬಸ್ಸು ಹತ್ತಿಸಿ ಅಂದೋರು ನೀವು," ಅಂದಳು. "ಹತ್ಸಿದ್ವಿ."

ಬರ್ನಿ ಬಾಯಿ ತೆರೆಯುವಷ್ಟರಲ್ಲಿ ಅವಳ ಫೋನು ರಿಂಗಾಯಿತು. ತೆರೆಯ ಮೇಲೆ ಸ್ಟ್ರಿಕ್ಲರ್ ಹೆಸರು.

"ನೊವಿಟ್ಸ್ಕಿ ಅವರೇ!" ಡಾಕ್ಟರ್ ಸ್ಟ್ರಿಕ್ಲರ್ ದನಿ ಹಬ್ಬದ ಹೋಳಿಗೆ ತಿಂದವರ ಹಾಗಿತ್ತು. "ಬಚಾವಾದ್ವಿ ಕಣ್ರೀ. ಆ ಕೋರ್ಟಿನ ಕಾಗದ ಹರಿದು ಬಿಸಾಕಿ. ಟ್ಯಾಮರಾಕ್ ಮಕ್ಕಳು ಹತ್ತೊಂಬತ್ತೂ ಎಣಿಕೆಗೆ ಸೇರಿದ್ವು."

"ಯಾವಾಗ?"

"ಇವತ್ತೇ. ಒಂದು ತಲೆಯೂ ಬಿಟ್ಟುಹೋಗಿಲ್ಲ. ನೀವಿನ್ನು ಮನೆಗೆ ಹೋಗಿ ಮಲ್ಕೊಳ್ಳಿ, ಪಾಪ, ಸುಸ್ತಾಗಿದ್ದೀರಿ."

"ಡಾಕ್ಟರ್ ಸ್ಟ್ರಿಕ್ಲರ್," ಅಂದಳು ಬರ್ನಿ, "ಮಕ್ಕಳು ಈಗ ಎಲ್ಲಿದ್ದಾರೆ?"

"ಮಕ್ಕಳಾ?" ಯಾರೂ ಕೇಳಬಾರದ್ದನ್ನು ಕೇಳಿದರೆಂಬಂತಿತ್ತು ಆ ದನಿ. "ಶಾಲೆ ಬಿಟ್ಟು ಆಗಲೇ ಹೊತ್ತಾಯ್ತಲ್ಲ. ಮನೇಲಿರ್ತಾರೆ."

ಫೋನು ಕಟ್ಟಾಯಿತು.

"ಏನಂತೆ?" ಓಪಲ್ ಕೇಳಿದಳು.

"ಎಣಿಸಿದಾರಂತೆ."

"ಎಲ್ಲಿ?"

ಮೇಪಲ್ ಬೀದಿ ಶಾಲೆಯಲ್ಲಂತೂ ಅಲ್ಲ, ಅಲ್ಲಿನ ಖಾಲಿ ಕುರ್ಚಿಗಳನ್ನು ಬರ್ನಿ ತಾನೇ ಎಣಿಸಿದ್ದಳು. ದೂರದಲ್ಲಿ ರೈಲಿನ ಕೂಗು ಕೇಳಿಸಿತು. ಆರ್ವಿಲ್ ಅಭ್ಯಾಸಬಲದಿಂದ ಹಳಿಯ ಕಡೆಗೆ ಕತ್ತು ತಿರುಗಿಸಿದ. ಸ್ವೆಟರು ಹಿಡಿದವಳು ರಸ್ತೆಯ ಕಡೆಗೇ ನೋಡುತ್ತಿದ್ದಳು.